ಚೌಕಾಸಿ ಮಾಡದವರಿಗೆ ಮಾರುವುದಿಲ್ಲ

"ಇದು ಈ ಜನ್ಮದಾಗೆ ಆಗೋ ಮಾತಲ್ಲ ಕಣಮ್ಮ" ಅಂದವನು ನಮ್ಮ ದೊಡ್ಡಪ್ಪ. ಜಗುಲಿಯ ಕಂಬಕ್ಕೆ ಒರಗಿ, ಎಲೆಗೆ ಸುಣ್ಣ ಸವರುತ್ತಾ, ತೀರ್ಪು ಓದುವ ಜಡ್ಜಿನ ಹಾಗೆ ಅಂದ. "ಮನೇಲಿ ಕೂತ್ಕಂಡು ಸಂಪಾದ್ಸಕ್ಕೆ ಇವ್ಳೇನು ಮೊಟ್ಟೆ ಇಡೋ ಕೋಳಿಯಾ? ಅದೂ ಫೋನಾಗೆ! ಇವ್ಳು ಫೋನಾಗೆ ಯಾಪಾರ ಮಾಡುದ್ರೆ ಮದಲೂರು ಕೆರೆ ಎದ್ದು ಶಿರಾಕ್ಕೆ ನಡ್ಕಂಡು ಹೋಯ್ತದೆ."

ಇವಳು ಅಂದರೆ ದೊಡ್ಡಪ್ಪನ ತಂಗಿ, ನನ್ನ ಸೋದರತ್ತೆ. ದೊಡ್ಡಪ್ಪನ ಮಾತು ಪೂರ್ತಿ ಸುಳ್ಳು ಅಂತ ಹೇಳುವ ಧೈರ್ಯ ನನಗೂ ಇರಲಿಲ್ಲ. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ, ಈ ನಾಲ್ಕೂ ತಾಲೂಕು ಜರಡಿ ಹಿಡಿದರೂ ನಮ್ಮ ಅತ್ತೆಯಂಥ ಇನ್ನೊಬ್ಬ ಗಿರಾಕಿ ಸಿಗುವುದಿಲ್ಲ. ಅವಳು ಚೌಕಾಸಿ ಮಾಡುತ್ತಾಳೆ. ಅಯ್ಯೋ, ನಾವೂ ಮಾಡುತ್ತೇವಲ್ಲ ಅನ್ನಬೇಡಿ! ನೀವು ಮಾಡುವುದು ಬೆಲೆ ಕೇಳುವುದು. ಅತ್ತೆ ಮಾಡುವುದು ಕುಸ್ತಿ. ಶಿರಾದಲ್ಲಿ ಒಬ್ಬ ಬಳೆ ಅಂಗಡಿ ಸಾಬರು ಇದ್ದಾರೆ. ಅತ್ತೆ ಬೀದಿಯ ಆ ತುದಿಯಲ್ಲಿ ಕಂಡರೆ ಸಾಕು, ಈ ತುದಿಯಿಂದಲೇ ಕೈ ಮುಗಿಯುತ್ತಾರೆ. "ಅರೇ ಅಮ್ಮಾ, ಮಾಫ್ ಮಾಡಿ, ಇನ್ನೂ ಬೋಣಿ ಆಗಿಲ್ಲ!" ಆಗ ಸಂಜೆಯಾಗಿರುತ್ತದೆ!

ಹೆಂಗಸರಿಗೆ ಬಸ್ಸು ಫ್ರೀ ಆದಾಗ ಊರಿನ ಹೆಂಗಸರೆಲ್ಲ ಹಿಗ್ಗಿ ಹೀರೇಕಾಯಿಯಾದರು. ಅತ್ತೆ ಒಬ್ಬಳೇ ಸಪ್ಪೆ ಮುಖ ಮಾಡಿಕೊಂಡು ಇಳಿದು ಬಂದಳು.

"ಯಾಕತ್ತೆ?"

"ಫ್ರೀ ಅಂದ್ಬುಟ್ಟ ಕಣೇ ಕಂಡಕ್ಟ್ರು. ಇನ್ನೇನಂತ ಕೇಳಾನ ಹೇಳು?"

ಇಂಥವಳಿಗೆ ಶಿರಾದ ತರಬೇತಿ ಕೇಂದ್ರವೊಂದರಲ್ಲಿ 'ಮಹಿಳೆಯರಿಗೆ ಮನೆಯಿಂದಲೇ ಆನ್‌ಲೈನ್ ಉದ್ಯಮ' ಅಂತ ತರಬೇತಿ ಕೊಡುತ್ತಾರೆ ಅನ್ನುವ ಸುದ್ದಿ ತಂದವಳು ನಾನೇ. ನಾನು ಬಿ.ಕಾಂ. ಓದಿದವಳು. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿ, ನಡುವೆ ಜಾರದೆ, ಪೂರ್ತಿ ಮುಗಿಸಿ ಇಳಿದವಳು ನಾನೊಬ್ಬಳೇ. ಇದನ್ನು ಸಂಕೋಚವಿಲ್ಲದೆ ಹೇಳಿಕೊಳ್ಳುತ್ತೇನೆ. ಡಿಗ್ರಿ ಪುಕ್ಕಟೆ ಬಂದದ್ದಾಗಿದ್ದರೆ ಸುಮ್ಮನಿರುತ್ತಿದ್ದೆ. ಗಂಡ ತೀರಿಕೊಂಡ ಮೇಲೆ ನಮ್ಮ ಮನೆಗೇ ಬಂದಿದ್ದ ಅತ್ತೆಗೆ ಹೊತ್ತು ಹೋಗಲಿ ಅಂತ ನಾನು ಈ ಮಾತು ಎತ್ತಿದ್ದು. ಅವಳು ಕೇಳಿದ್ದು ಒಂದೇ ಪ್ರಶ್ನೆ.

"ಕೊನೇಗೆ ಏನ್ ಕೊಡ್ತಾರೆ?"

"ಸರ್ಟಿಫಿಕೇಟು. ವೇದಿಕೆ ಮೇಲೆ ಹೆಸರು ಕೂಗಿ ಕೊಡುತ್ತಾರಂತೆ."

ಅತ್ತೆ ಕೈಯಲ್ಲಿದ್ದ ಮೊರ ಕೆಳಗಿಟ್ಟಳು. ನಾಲ್ಕನೇ ಕ್ಲಾಸಿನ ಅರ್ಧದಲ್ಲೇ ಕುರಿ ಹಿಂದೆ ಹೊರಟವಳು ಅವಳು. "ನಂಗೆ ಆ ಕಾಗ್ದ ಬೇಕು ಕಣೇ" ಅಂದಳು. ಯಾಕೆ ಅಂದರೆ ಹೇಳಲಿಲ್ಲ. ಬೇಕು ಅಂದರೆ ಬೇಕು, ಅಷ್ಟೇ.

ಮೊದಲ ವಾರವೇ ತರಬೇತಿ ಮೇಡಂ ಹೇಳಿದರು: ಪ್ರತಿಯೊಬ್ಬರೂ ಒಂದು ಉದ್ಯಮ ಆರಿಸಿಕೊಳ್ಳಬೇಕು, ಗುರುತಿಲ್ಲದ ಗಿರಾಕಿಗಳಿಗೆ ಫೋನಿನಲ್ಲೇ ಮಾರಿ ತೋರಿಸಬೇಕು, ಕೊನೆಗೆ ಸಾಹೇಬರೊಬ್ಬರು ಮನೆಗೇ ಬಂದು ನೋಡಿ ಸಹಿ ಹಾಕಬೇಕು. ಸಹಿ ಇಲ್ಲ ಅಂದರೆ ಸರ್ಟಿಫಿಕೇಟೂ ಇಲ್ಲ. ಉಳಿದ ಹೆಂಗಸರು 'ಬಂಡವಾಳ ಎಷ್ಟು? ಲಾಭ ಎಷ್ಟು?' ಅಂತ ಕೇಳಿದರೆ ನಮ್ಮ ಅತ್ತೆ ಪ್ರತಿಯೊಂದಕ್ಕೂ ಕೇಳಿದ್ದು ಒಂದೇ: "ಇದ್ರಾಗೆ ಚೌಕಾಸಿ ಐತಾ?"

ಮೊದಲು ಆರಿಸಿಕೊಂಡಿದ್ದು ಸೀರೆ. ಫೋಟೋ ತೆಗೆದು, ಬೆಲೆ ಬರೆದು, ವಾಟ್ಸಾಪಿನಲ್ಲಿ ಹಾಕಿದ್ದು ನಾನು. ಬೆಲೆ ಹೇಳಿದ್ದು ಅತ್ತೆ. ಗಿರಾಕಿ ಇಳಿಸುತ್ತಾರೆ ಅನ್ನುವ ಭರವಸೆಯಿಂದ ಆಕಾಶಕ್ಕೇ ಏರಿಸಿ ಹೇಳಿದ್ದಳು. ಪಾವಗಡದ ಹೆಂಗಸೊಬ್ಬಳು ನೋಡಿದಳು, ಒಂದೂ ಮಾತಾಡದೆ ಅಷ್ಟೂ ದುಡ್ಡು ಕಳಿಸಿಬಿಟ್ಟಳು! ನಾನು ಕುಣಿದೆ. ಅತ್ತೆ ಫೋನು ಕಿತ್ತುಕೊಂಡು ಅವಳಿಗೆ ಕರೆ ಮಾಡಿದಳು.

"ಏನಮ್ಮಾ, ಕೇಳಿದಷ್ಟೂ ಕೊಟ್ಬುಡೋದಾ?"

"ಮೀರು ಹಾಕಿದ ರೇಟೇ ಕದಾ ಅಕ್ಕಾ, ನೀವೇ ಹಾಕಿದ್ದಲ್ವಾ?" ಅಂತ ಆ ಪಾಪದವಳು ಗಾಬರಿಯಾದಳು.

"ನಾನು ಹಾಕ್ತೀನಮ್ಮ! ನಾನು ಹಾಕೋಳು, ನೀನು ಕೀಳೋಳು! ನಿಮ್ಮವ್ವ ಏನೂ ಕಲಿಸ್ನಿಲ್ವಾ?" ಅಂತ ಬೈದು, ತಾನೇ ಅವಳ ಪರವಾಗಿ ತನ್ನ ಜೊತೆ ಚೌಕಾಸಿ ಮಾಡಿ, ತಾನೇ ಸೋತು, ಅರ್ಧ ದುಡ್ಡು ವಾಪಸು ಕಳಿಸಿದಳು. ಸೀರೆ ವ್ಯಾಪಾರ ಅಲ್ಲಿಗೆ ಮುಗಿಯಿತು.

ಆಮೇಲೆ ಕೇಕು. ಅತ್ತೆಯ ಮೊದಲ ಕೇಕನ್ನು ದೊಡ್ಡಪ್ಪ ಕೈಯಲ್ಲಿ ತೂಗಿ ನೋಡಿ, "ಇಂಥವು ಇನ್ನೊಂದಷ್ಟು ಮಾಡವ್ವ, ಕೊಟ್ಟಿಗೆ ಗೋಡೆ ಬಿದ್ದದೆ" ಅಂದ. ಎರಡನೆಯದು ಚೆನ್ನಾಗಿಯೇ ಬಂತು. ಆದರೆ ಅತ್ತೆಯೇ ಕೇಕು ಕೈಬಿಟ್ಟಳು. "ಹುಟ್ಟಿದಬ್ಬದ ದಿನ ಯಾರು ಚೌಕಾಸಿ ಮಾಡ್ತಾರೆ? ಕೂಸಿನ ಆಯಸ್ಸಿಗೆ ಬೆಲೆ ಇಳ್ಸಿದಂಗಾಗಕಿಲ್ವಾ?" ಈ ತರ್ಕಕ್ಕೆ ಯಾವ ಬಿ.ಕಾಂ. ಪುಸ್ತಕದಲ್ಲಿ ಉತ್ತರವಿದೆ, ನೀವೇ ಹೇಳಿ!

ಕೊನೆಗೆ ನಿಂತದ್ದು ಕಡಲೆಕಾಯಿ ಚಟ್ನಿಪುಡಿ. ಅದು ಅತ್ತೆಯ ಕೈಗೆ ಹುಟ್ಟಿನಿಂದಲೇ ಬಂದದ್ದು. ಅವಳು ಹುರಿಯಲು ಕೂತರೆ ನೆರೆಮನೆಯವರು ಅನ್ನಕ್ಕೆ ನೀರಿಡುತ್ತಾರೆ. ಆದರೆ ಚೌಕಾಸಿಯ ಗತಿ? ಅತ್ತೆ ನನ್ನಿಂದ ಒಂದು ವಾಟ್ಸಾಪ್ ಗ್ರೂಪು ಮಾಡಿಸಿದಳು. ಅದರ ನಿಯಮ ಒಂದೇ: ಬೆಲೆ ಬರೆಯುವ ಹಾಗಿಲ್ಲ, ಬಾಯಿಬಿಟ್ಟು ಕೇಳಬೇಕು. ಬೇಕಾದವರು ಮಾತು ರೆಕಾರ್ಡು ಮಾಡಿ ದನಿ ಕಳಿಸಬೇಕು, ಅತ್ತೆ ದನಿಯಲ್ಲೇ ಉತ್ತರ ಕೊಡುತ್ತಾಳೆ.

"ಆಂಟೀ, ಅರ್ಧಕ್ಕೆ ಕೊಡಿ."

"ಅರ್ಧಕ್ಕೆ ಕಡ್ಲೇಕಾಯ್ ಸಿಪ್ಪೆ ಬತ್ತದೆ, ಕಳಿಸ್ಲಾ?"

"ಹೋದ ಸಲ ಖಾರ ಕಮ್ಮಿ ಇತ್ತು ಆಂಟೀ, ಅದಕ್ಕಾದ್ರೂ ಬಿಡಿ."

"ಖಾರ ಕಮ್ಮಿ ಆಗಿದ್ರೆ ನಿನ್ ಬಾಯಿ ಇಷ್ಟು ಜೋರಾಗಿ ಇರ್ತಿತ್ತೇನಮ್ಮ?"

ಚೆನ್ನಾಗಿ ಜಗಳವಾಡಿದವರಿಗೆ ಬೆಲೆಯೂ ಇಳಿಯುತ್ತಿತ್ತು, ಮೇಲೆ ಒಂದು ಹಿಡಿ ಕೊಸರೂ ಬೀಳುತ್ತಿತ್ತು. ಜಗಳವಾಡಲು ಬಾರದವರಿಗೆ ಅತ್ತೆಯೇ ಪಾಠ ಹೇಳಿಕೊಡುತ್ತಿದ್ದಳು. ಅದು ಹೇಗೆ ಹಬ್ಬಿತೋ, ಕೊರಟಗೆರೆಯ ಟೀಚರಮ್ಮ ಸೇರಿದರು, ತುಮಕೂರಿನ ನರ್ಸು ಸೇರಿದಳು. ಮಧುಗಿರಿಯ ಒಬ್ಬಾಕೆ, "ಮನೆಯವರ ಹತ್ರ ಆಡಕ್ಕಾಗದ ಜಗಳ ನಿಮ್ಮ ಹತ್ರ ಆಡ್ತೀನಿ, ಮನಸ್ಸು ಹಗುರಾಯ್ತದೆ" ಅಂತ ದನಿ ಕಳಿಸಿ ಪುಡಿ ತರಿಸಿಕೊಂಡಳು.

ಮೇಡಂ ಮಾತ್ರ ತಲೆ ಮೇಲೆ ಕೈ ಹೊತ್ತರು. "ಅಮ್ಮಾ, ಆನ್‌ಲೈನಿನಲ್ಲಿ ಒಂದೇ ರೇಟು ಇರಬೇಕು. ಪ್ಯಾಕೆಟ್ಟಿನ ಮೇಲೆ ಹಾಕಿ, ಅದಕ್ಕೇ ಮಾರಿ. ಸಾಹೇಬರು ಬಂದಾಗಲೂ ಹೀಗೇ ಮಾಡಿದರೆ ನಿಮ್ಮ ಸರ್ಟಿಫಿಕೇಟು ಹೋದ ಹಾಗೇ."

ಅಂದು ಮನೆಗೆ ಬಂದ ಅತ್ತೆ ಊಟ ಮಾಡಲಿಲ್ಲ. ಪುಡಿಯ ಪ್ಯಾಕೆಟ್ಟುಗಳನ್ನು ಮುಂದಿಟ್ಟುಕೊಂಡು ಕೂತಳು. ಕೊನೆಗೆ, "ಹಾಕ್ಬುಡೇ ರೇಟು" ಅಂದಳು. "ಒಂದಿನ ತಾನೇ. ಕಾಗ್ದ ಬರ್ಲಿ."

ಸಾಹೇಬರು ಬಂದರು. ಇಸ್ತ್ರಿ ಅಂಗಿ, ಕೈಯಲ್ಲಿ ಫೈಲು. ಜೊತೆಗೆ ಮೇಡಂ. ಅಡುಗೆಮನೆ ನೋಡಿದರು, ಫೋನಿನ ಗ್ರೂಪು ನೋಡಿದರು, ಪುಡಿ ರುಚಿ ನೋಡಿ ಕಣ್ಣು ಅರಳಿಸಿದರು. "ನನಗೂ ಒಂದು ಪ್ಯಾಕೆಟ್ ಕೊಡಿಯಮ್ಮ" ಅಂತ ರೇಟು ಓದಿ, ದುಡ್ಡು ಕಳಿಸಲು ಫೋನು ತೆಗೆದರು.

ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡಳು. ನಾನು ಕಣ್ಣಲ್ಲೇ ಬೇಡಿಕೊಂಡೆ. ದೊಡ್ಡಪ್ಪ ಜಗುಲಿಯಲ್ಲಿ ಎಲೆ ಜಗಿಯುವುದನ್ನೇ ನಿಲ್ಲಿಸಿದ. ಅತ್ತೆ ತಡೆದಳು, ತಡೆದಳು... ಊಹೂಂ, ಆಗಲಿಲ್ಲ! ಪ್ಯಾಕೆಟ್ಟನ್ನು ಹಿಂದಕ್ಕೆ ಎಳೆದುಕೊಂಡಳು.

"ಕೊಡಾಕಿಲ್ಲ ಸಾರ್! ಕೇಳ್ದೆ ಕೊಡೋರ್ಗೆ ನಾನು ಮಾರಾಕಿಲ್ಲ. ಗಿರಾಕಿ ಅಂದ್ಮೇಲೆ ಒಂದು ಮಾತು ಬ್ಯಾಡ್ವಾ? ದುಡ್ಡು ಕೊಟ್ಟು ಮಕ ನೋಡ್ದೆ ಹೋಗಕ್ಕೆ ಇದೇನು ಟೋಲ್‌ಗೇಟಾ?"

ಮೇಡಂ ಕಣ್ಣು ಮುಚ್ಚಿಕೊಂಡರು. ಸಾಹೇಬರು ಸಹಿಗೆ ಅಂತ ತೆಗೆದಿದ್ದ ಪೆನ್ನು ಜೇಬಿಗೆ ಸಿಕ್ಕಿಸಿದರು. ಹೋಯಿತು ಅಂದುಕೊಂಡೆ. ಆಮೇಲೆ ಅವರು ನಿಧಾನವಾಗಿ ಅಂದರು: "ಸ್ವಲ್ಪ ಕಡಿಮೆ ಮಾಡಿಕೊಳ್ಳಿ?"

"ಇಂಗಾ ಸಾರ್ ಕೇಳೋದು? ರಜಾ ಕೇಳಿದಂಗೆ! ಅರ್ಧಕ್ಕೆ ಇಳೀರಿ."

"ಅರ್ಧಕ್ಕೆ ಕೊಡಿ!"

"ಆಗಾಕಿಲ್ಲ ಹೋಗಿ! ...ಊಂ, ಈಗ ನೀವು ಎದ್ದು ಹೊಂಟಂಗೆ ಮಾಡ್ಬೇಕು."

ಸಾಹೇಬರು ಎದ್ದರು. ಬಾಗಿಲಿಗೆ ಹೋದರು. ಚಪ್ಪಲಿಯನ್ನೂ ಮೆಟ್ಟಿಕೊಂಡರು! "ಇವ್ರೇನು ಮಹಾ ಪುಡಿ ಮಾರೋರು, ಶಿರಾದಲ್ಲಿ ಬೇರೆ ಕಡೆ ಸಿಗಲ್ವಾ?" ಅಂತ ಬೀದಿಗೆ ಕೇಳುವ ಹಾಗೆ ಅಂದರು. ಮುಖವೆಲ್ಲ ನಗು.

"ಬನ್ನಿ ಬನ್ನಿ, ಕೋಪ ಮಾಡ್ಕಬ್ಯಾಡಿ, ನಿಮ್ಗೂ ಬ್ಯಾಡ ನಂಗೂ ಬ್ಯಾಡ" ಅಂತ ಅತ್ತೆ ಓಡಿಹೋಗಿ ಕೂಗಿ ಕರೆದಳು. ಬೆಲೆ ಇಳಿಯಿತು, ಕೊಸರು ಬಿತ್ತು. ಸಾಹೇಬರು ಕೂತು, ಬೆವರು ಒರೆಸಿಕೊಂಡು, ಮೇಡಂ ಕಡೆ ತಿರುಗಿದರು. "ಒಂದೇ ರೇಟು ಇರಬೇಕು ಅಂತ ನಮ್ಮ ನಿಯಮದಲ್ಲಿ ಎಲ್ಲಿದೆ ಮೇಡಂ? ಗಿರಾಕಿ ಮತ್ತೆ ಬರಬೇಕು, ಅಷ್ಟೇ ತಾನೇ? ನಾನೇ ಬರ್ತೀನಿ." ಸಹಿ ಬಿತ್ತು.

ಸರ್ಟಿಫಿಕೇಟು ಕೊಡುವ ದಿನ ಶಿರಾದ ಸಭಾಂಗಣದಲ್ಲಿ ಕೊನೇ ಸಾಲಿನಲ್ಲಿ ದೊಡ್ಡಪ್ಪ ಕೂತಿದ್ದ. ಕೇಳಿದರೆ, "ಕುರಿಗೆ ಔಸ್ತಿ ತರಾಕೆ ಬಂದಿದ್ದೆ" ಅಂದ. ಕುರಿ ಔಷಧಿಗೆ ಬಿಳಿ ಪಂಚೆ ಉಟ್ಟು ಬರುತ್ತಾರೆಯೇ? ಹೆಸರು ಕೂಗಿದರು. ಅತ್ತೆ ವೇದಿಕೆ ಹತ್ತಿದಳು. ನಾಲ್ಕು ತಾಲೂಕು ನಡುಗಿಸಿದವಳು ಸೆರಗಿಗೆ ಕೈ ಒರೆಸಿಕೊಂಡು ಮುಂದೆ ಚಾಚಿದಳು. ಕಾಗದ ಕೈಗೆ ಬಂದಾಗ ಜನ ಚಪ್ಪಾಳೆ ತಟ್ಟಿದರು. ಆ ಸದ್ದಿಗೆ ಅವಳು ಬೆಚ್ಚಿ, ಯಾರಿಗೆ ಅಂತ ಹಿಂದೆ ತಿರುಗಿ ನೋಡಿದಳು. ಅವಳಿಗೇ.

ಇಳಿದು ನೇರ ನನ್ನ ಹತ್ತಿರ ಬಂದಳು.

"ನಿನ್ ಡಿಗ್ರಿ ಕೊಟ್ಟಾಗ್ಲೂ ಇಂಗೇ ಚಪ್ಪಾಳೆ ಹೊಡೆದ್ರೇನೇ?"

"ಇಲ್ಲ ಅತ್ತೆ. ಆಫೀಸಿನ ಕಿಟಕಿಯಲ್ಲಿ ಇಸ್ಕೊಂಡು ಬಂದೆ. ಬಸ್ಸಿಗೆ ಹೊತ್ತಾಗಿತ್ತು."

ಅತ್ತೆ ನನ್ನ ಮುಖ ನೋಡಿದಳು. ಸರ್ಟಿಫಿಕೇಟನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಅಷ್ಟು ಜನರ ನಡುವೆ, ಒಬ್ಬಳೇ, ಅಂಗೈ ಕೆಂಪಾಗುವಂತೆ ಚಪ್ಪಾಳೆ ತಟ್ಟಿದಳು.

"ಇದು ನಿಂದು ಕಣವ್ವ" ಅಂದಳು. "ಅವತ್ತಿಂದು."