ಟವೆಲ್ ಕೆಳಗಿನ ನಾರ್ವೆ ಭಾಷೆ

ನಾರ್ವೆ ದೇಶದ ಭಾಷೆ ನಮ್ಮ ಮನೆಗೆ ಹದಿನೆಂಟು ಸಾವಿರ ರೂಪಾಯಿಗೆ ಬಂತು. ಬಳ್ಳಾರಿಯ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದ ನನ್ನ ಹೆಂಡತಿ ರೇಣುಕಾಗೆ ನಾರ್ವೆಯಲ್ಲಿ ಎರಡು ವರ್ಷದ ಕೆಲಸ ಸಿಗುವುದಿತ್ತು, ಮಾತಿನ ಪರೀಕ್ಷೆ ಪಾಸಾದರೆ. ಫೋನಿನಲ್ಲಿ ಪಾಠ ಹೇಳುವ ಮೇಡಂ ಇಪ್ಪತ್ತೈದು ಸಾವಿರ ಕೇಳಿದ್ದರು. ನಾನು ಕುರುಗೋಡಿನ ಎತ್ತಿನ ದಲ್ಲಾಳಿ. ಏಳು ಸಾವಿರ ಇಳಿಸಿದ್ದಲ್ಲದೆ, ಪಕ್ಕದಲ್ಲಿ ನಾನೂ ಪುಕ್ಕಟೆ ಕೂರುತ್ತೇನೆಂದು ಒಪ್ಪಿಸಿದೆ. ಪುಕ್ಕಟೆ ಸಿಕ್ಕಿದ್ದನ್ನು ಬಿಟ್ಟರೆ ನನಗೆ ತುತ್ತು ಇಳಿಯುವುದಿಲ್ಲ.

ಆ ಜನ ಎರಡು ಪದ ಬೆಸೆದು ಒಂದು ಮಾಡುತ್ತಾರೆ. ರೋಗಕ್ಕೊಂದು ಪದ, ಮನೆಗೊಂದು ಪದ. ಸೇರಿದರೆ ‘ಸೀಕೆಹೂಸ್’, ಅಂದರೆ ಆಸ್ಪತ್ರೆ. ಪದ ಒಡೆದು ಹೇಳುವುದಾದರೆ ಬೆಸುಗೆಯಲ್ಲೇ ಒಡೆಯಬೇಕು. ಉಚ್ಚಾರದ ಭಾರ ಮೊದಲ ತುಂಡಿನ ಮೇಲೆ, ಎರಡನೆಯದು ಹಗುರ. ನಮ್ಮ ನಾಲಿಗೆಯೋ ಎಲ್ಲ ಅಕ್ಷರಕ್ಕೂ ಸಮಪಾಲು ಹಂಚುವಂಥದ್ದು. ರೇಣುಕಾ ಹೇಳಿದರೆ ಸಿರುಗುಪ್ಪ ಬಸ್ಸಿನ ಕಂಡಕ್ಟರ್ ಊರ ಹೆಸರು ಕೂಗಿದಂತಿರುತ್ತಿತ್ತು.

ಆಗ ನನ್ನ ಕಸುಬು ನೆರವಿಗೆ ಬಂತು. ದನದ ಸಂತೆಯಲ್ಲಿ ನಾವು ದರವನ್ನು ಬಾಯಲ್ಲಿ ಹೇಳುವುದಿಲ್ಲ. ಕೈಗಳ ಮೇಲೆ ಟವೆಲ್ ಹೊದಿಸಿ, ಅದರ ಕೆಳಗೆ ಬೆರಳು ಒತ್ತಿ ತಿಳಿಸುತ್ತೇವೆ. ಅವಳ ಕೈಯನ್ನೂ ಹಾಗೇ ಹಿಡಿದೆ. ಮೊದಲ ತುಂಡಿಗೆ ಗಟ್ಟಿ ಒತ್ತು, ಎರಡನೆಯದಕ್ಕೆ ಮೆಲ್ಲಗೆ. ಫೋನಿನಲ್ಲಿ ಮೇಡಂಗೆ ಕಾಣುವುದು ನಮ್ಮ ಮುಖ ಮಾತ್ರ. ಹದಿನಾರು ವರ್ಷದ ಸಂಸಾರದಲ್ಲಿ, ಮದುವೆಯ ದಿನ ಬಿಟ್ಟರೆ, ಹಗಲು ಹೊತ್ತು ಹೆಂಡತಿಯ ಕೈ ಹಿಡಿದದ್ದು ಆಗಲೇ.

ತಿಂಗಳೊಳಗೆ ಅವಳು ಪಳಗಿದ್ದು ನನಗೆ ತಿಳಿಯಿತು. ಹೇಳಲಿಲ್ಲ. ಒಳ್ಳೆಯ ಎತ್ತಿನಲ್ಲೂ ಐಬು ಹುಡುಕುವುದು ದಲ್ಲಾಳಿಗೆ ರೂಢಿ. ಇನ್ನೂ ಹಸಿ ಐತಿ ಎನ್ನುತ್ತ ದಿನ ದೂಡಿದೆ. ಅವಳೂ ನಡುನಡುವೆ ತಪ್ಪುತ್ತಿದ್ದಳು, ಕೈ ಬಿಡದಿರಲು ನನಗೆ ಅಷ್ಟು ನೆಪ ಸಾಕಿತ್ತು.

ಪರೀಕ್ಷೆಯ ಹಿಂದಿನ ದಿನ ಕೇಳಿದಳು, “ಖರೇ ಹೇಳ್ರಿ, ನಾ ತಯಾರಾಗೀನೋ ಇಲ್ಲೋ?”

“ಯಾವಾಗಲೋ ಆಗೀದಿ,” ಎಂದೆ. ಜೀವನದಲ್ಲಿ ಮೊದಲ ಸಲ ನಿಜವಾದ ದರ ಹೇಳಿದ್ದೆ.

“ನನಗೂ ಗೊತ್ತೈತಿ. ಬೇಕಂತನ ತಪ್ಪತಿದ್ದೆ. ಇಲ್ಲಂದ್ರ ನೀವು ಟವೆಲ್ ಕೊಡವಿ ಎದ್ದು ಹೋಗಾವ್ರು.”

ಪಾಸಾದಳು. ಹೋದಳು. ಈಗ ಸಂಜೆ ಫೋನಿನಲ್ಲಿ ಅವಳ ಮುಖ ಕಾಣುತ್ತದೆ. ಮೊನ್ನೆ ಅವಳೇ ಒಂದು ಜೋಡುಪದ ಕಲಿಸಿದಳು: ‘ಯೆಮ್‌ಲೆಂಗ್ಸೆಲ್’, ಮನೆಯ ಹಂಬಲ. ಭಾರ ಮನೆಯ ಮೇಲೆ ಬೀಳಬೇಕಂತೆ. ನನ್ನ ಮೊಣಕಾಲನ್ನೇ ಒತ್ತಿಕೊಂಡು ಹೇಳಿ ನೋಡಿದೆ, ಸರಿ ಬರಲಿಲ್ಲ.

ಎತ್ತಿನ ಹಲ್ಲು ನೋಡಿ ವಯಸ್ಸು ಹೇಳುವ ನನಗೆ ಪಕ್ಕದಲ್ಲೇ ಕೂತವಳ ಕಳ್ಳಾಟ ತಿಳಿಯಲಿಲ್ಲ. ಅದಕ್ಕೇ ನಿಮಗೆ ಹೇಳುತ್ತೇನೆ: ಮನೆಯಲ್ಲಿ ಯಾರಾದರೂ ದೂರ ಹೋಗುವ ವಿದ್ಯೆ ಕಲಿಯುತ್ತಿದ್ದರೆ ಜೊತೆಗೆ ಕೂರಿ. ತಪ್ಪಿದರೆ ತಿದ್ದುವ ಅವಸರ ಬೇಡ. ಮೊದಲು ಅವರ ಮುಖ ನೋಡಿ.