ಚಿಕ್ಕಮ್ಮನ ನಾರ್ಮಂಡಿ ರಾಣಿ

ನಮ್ಮ ಚಿಕ್ಕಮ್ಮನಿಗೆ ಇಂಗ್ಲೆಂಡಿನ ರಾಜಮನೆತನದವರೆಲ್ಲ ತೀರಾ ಹತ್ತಿರದ ನೆಂಟರು! ಈಗಿರುವವರಲ್ಲ, ಸಾವಿರ ವರ್ಷದ ಹಿಂದೆ ಸತ್ತವರು. ಯಾವ ರಾಜ ಯಾರನ್ನು ಕಟ್ಟಿಕೊಂಡ, ಯಾವ ರಾಣಿಯನ್ನು ಬಿಟ್ಟು ಸನ್ಯಾಸಿನಿಯರ ಮಠಕ್ಕೆ ಅಟ್ಟಿದ ಎಂಬುದೆಲ್ಲ ಪಕ್ಕದ ಬೀದಿಯ ಸುದ್ದಿಯ ಹಾಗೆ ಅವರ ನಾಲಿಗೆಯ ತುದಿಯಲ್ಲಿತ್ತು.

ಈ ಹುಚ್ಚು ಹತ್ತಿದ್ದು ಅಮೆರಿಕದ ಪ್ರಿನ್ಸ್‌ಟನ್ನಿನಲ್ಲಿ. ಚಿಕ್ಕಪ್ಪ ಔಷಧಿ ಕಂಪನಿಗೆ ಹೊರಟರೆ, ಡಿಪೆಂಡೆಂಟ್ ವೀಸಾದ ಚಿಕ್ಕಮ್ಮ ಕೆಲಸಕ್ಕೆ ಹೋಗುವಂತಿರಲಿಲ್ಲ. ಅಂಥ ಉಳಿದ ಆಂಟಿಯರೆಲ್ಲ ಜಾವಾ ಪ್ರೋಗ್ರಾಮಿಂಗ್ ಕಲಿತು ಎಚ್-ಒನ್ ಎಂಬ ಕೆಲಸದ ವೀಸಾ ಗಿಟ್ಟಿಸಲು ಓಡಿದರೆ, ಇವರು ಲೈಬ್ರರಿಗೆ ನಡೆದರು. "ಜಾವಾ ಕಲಿತ್ರೆ ಕೆಲಸ ಸಿಗತ್ತೆ ಚಿಕ್ಕಮ್ಮ, ರಾಣಿಯರಿಂದ ಏನು ಸಿಗತ್ತೆ?" ಎಂದು ಅಲ್ಲೇ ಹತ್ತಿರ ಕೆಲಸಕ್ಕಿದ್ದ ನಾನು ಕೇಳಿದರೆ, "ಮಾತಾಡೋಕೆ ಜನ ಸಿಗ್ತಾರೆ ಕಣೇ" ಎನ್ನುತ್ತಿದ್ದರು.

ಎರಡು ಸಾವಿರನೇ ಇಸವಿ ಬಂದರೆ ಕಂಪ್ಯೂಟರೆಲ್ಲ ಕೆಡುತ್ತವೆಂಬ ವೈಟೂಕೆ ಗಲಾಟೆಯ ನಡುವೆ ನನ್ನ ಮದುವೆ ಗೊತ್ತಾಯಿತು. ಹುಡುಗ ಅಲ್ಲೇ ಮಾರಿಸ್‌ಟೌನಿನಲ್ಲಿದ್ದವರು, ನನ್ನಂತೆಯೇ ಪ್ರೋಗ್ರಾಮರ್. ಊಟಕ್ಕೆ ಕರೆದ ಚಿಕ್ಕಮ್ಮ ಹುಳಿ ಬಡಿಸುತ್ತಾ ಕೇಳಿದರು: "ಬೆಳಗಿನ ಉಡುಗೊರೆ ಏನು ಕೊಡ್ತೀಯಪ್ಪಾ?"

ಹುಡುಗ ಕಕ್ಕಾಬಿಕ್ಕಿ. "ಕಾಫಿ ಮಾಡ್ಕೊಡ್ತೀನಿ ಆಂಟಿ."

"ಕಾಫಿಯಲ್ಲ, ಜಮೀನು! ಆ ಕಾಲದಲ್ಲಿ ಮದುವೆಯ ಮಾರನೇ ಬೆಳಗ್ಗೆ ಗಂಡ ಹೆಂಡತಿ ಹೆಸರಿಗೆ ಜಮೀನು ಕೊಡ್ತಿದ್ದ."

"ನಂದು ಬಾಡಿಗೆ ಅಪಾರ್ಟ್‌ಮೆಂಟು ಆಂಟಿ..."

"ಹಾಗಾದ್ರೆ ಕಾಫಿ ಚೆನ್ನಾಗಿ ಮಾಡು!"

ಮೈಸೂರಿನಿಂದ ಹುಡುಗನ ತಾಯಿ ಬಂದಿಳಿದದ್ದೇ ತಡ, "ನಮ್ಮಲ್ಲಿ ಸೊಸೆ ಹೆಸರು ಬದಲಾಯಿಸೋ ಪದ್ಧತಿ" ಎಂದುಬಿಟ್ಟರು. ಮದುಮಗ ಅಕ್ಕಿಯ ತಟ್ಟೆಯಲ್ಲಿ ಉಂಗುರದಿಂದ ಹೊಸ ಹೆಸರು ಬರೆಯಬೇಕು. ನನ್ನ ಹೆಸರೆಂದರೆ ನನಗೆ ಪ್ರಾಣ. ಆದರೆ ಬೀಗರೆದುರು ಬಾಯಿ ಬರಬೇಕಲ್ಲ?

ಮದುವೆಯ ದಿನ ಬ್ರಿಡ್ಜ್‌ವಾಟರಿನ ದೇವಸ್ಥಾನದಲ್ಲಿ ತಟ್ಟೆ ಬಂತು. ಚಿಕ್ಕಮ್ಮ ಎದ್ದು ನಿಂತರು. "ನಾರ್ಮಂಡಿಯಿಂದ ಒಬ್ಬ ಹುಡುಗಿ ಇಂಗ್ಲೆಂಡಿನ ರಾಜನ್ನ ಮದುವೆಯಾಗಿ ಬಂದ್ಲು. ಅವಳ ಹೆಸರೂ ಬದಲಾಯಿಸಿದ್ರು. ರಾಜನ ಮೊದಲನೇ ಹೆಂಡತಿ ಹೆಸರೇ ಅವಳಿಗೂ! ಅವನು ಸತ್ತ, ಇನ್ನೊಬ್ಬ ರಾಜನ್ನ ಕಟ್ಟಿಕೊಂಡ್ಲು. ಅವನ ಮೊದಲನೇ ಹೆಂಡತಿ ಹೆಸರೂ ಅದೇ!"

ಪುರೋಹಿತರು ಮಂತ್ರ ನಿಲ್ಲಿಸಿ, "ಆಮೇಲೆ?" ಎಂದರು.

"ಆಮೇಲೇನು, ಕರೆದ್ರೆ ಯಾರು ಓ ಅನ್ಬೇಕೋ ದೇವರಿಗೇ ಗೊತ್ತು!"

ಎಲ್ಲರೂ ನಕ್ಕರು. ಚಿಕ್ಕಮ್ಮ ಮಾತ್ರ ನಗಲಿಲ್ಲ. ನನ್ನ ಅತ್ತೆಯಾಗುವವರ ಕೈ ಹಿಡಿದು, "ಮದುವೆಯಾಗಿ ಇಪ್ಪತ್ತೆರಡು ವರ್ಷದಿಂದ ನನ್ನ ಹುಟ್ಟುಹೆಸರಲ್ಲಿ ನನ್ನನ್ನ ಯಾರೂ ಕರೆದಿಲ್ಲ. ಈ ಮಗುವಿನ ಹೆಸರು ಬಿಟ್ಬಿಡಿ" ಎಂದರು.

ಅತ್ತೆಯಾಗುವವರು, "ನಂದೂ ಹಾಗೇ ಹೋಯ್ತು" ಎಂದರು. ಆಮೇಲೆ ಮಗನತ್ತ ತಿರುಗಿ, "ಇರೋ ಹೆಸರೇ ಬರಿಯೋ" ಎಂದರು.

ನನಗೆ ಸಂತೋಷಕ್ಕಿಂತ ನಾಚಿಕೆಯೇ ಹೆಚ್ಚಾಯಿತು. ಚಿಕ್ಕಮ್ಮನ ಹೆಸರು ಕಿತ್ತುಕೊಂಡವರು ನಮ್ಮ ಮನೆಯವರೇ ಅಲ್ಲವೇ? ಅದೇನೆಂದು ನಾನಾದರೂ ಒಂದು ದಿನ ಕೇಳಿದ್ದೆನೇ? ಶಾಸ್ತ್ರ ಮುಗಿದ ಮೇಲೆ ಕೇಳಿದೆ. ಅವರು ಅಕ್ಕಿಯನ್ನು ಅಂಗೈಯಿಂದ ಸಮ ಮಾಡಿ, ಬೆರಳಿನಿಂದ ನಿಧಾನವಾಗಿ ಬರೆದರು: ನಾಗರತ್ನ. ಹಿಂದೆ ನಿಂತಿದ್ದ ಚಿಕ್ಕಪ್ಪ ನೋಡಿದರು.

ಅವರು ಹೆಂಡತಿಯನ್ನು ಯಾವಾಗಲೂ "ಏ, ಬಾರೇ" ಎಂದೇ ಕರೆದವರು. ಅವತ್ತು ಸಂಜೆ ಪಾರ್ಕಿಂಗ್ ಲಾಟಿನಿಂದ ಕಾರು ತಂದು ನಿಲ್ಲಿಸಿ, ಗಾಜು ಇಳಿಸಿ, "ನಾಗರತ್ನಾ, ಹೊರಡೋಣ್ವಾ?" ಎಂದರು.

ಚಿಕ್ಕಮ್ಮ ಓಗೊಡಲಿಲ್ಲ. ಇನ್ನೊಂದು ಸಲ ಕರೆಯಲಿ ಎಂದು ಸುಮ್ಮನೆ ನಿಂತರು.