ಶಾಲಿಗೆ ಉರಿಯದ ಬೆನ್ನು

ಮನುಷ್ಯನ ಅಂಗಗಳಲ್ಲಿ ತೀರ ಲಜ್ಜೆಗೆಟ್ಟದ್ದು ಯಾವುದೆಂದು ಕೇಳಿದರೆ ನಾಲಿಗೆ ಎನ್ನುವವರೇ ಹೆಚ್ಚು. ನಾನು ಮಾತ್ರ ಮೆದುಳು ಎನ್ನುತ್ತೇನೆ, ಅನುಭವದ ಮಾತು. ಹೋದ ಬೇಸಿಗೆಯಲ್ಲಿ ನನ್ನ ಬೆನ್ನಿಗೆ ಸರ್ಪಸುತ್ತು ಎದ್ದಿತು. ಕೊಕಟನೂರಿನ ನಮ್ಮ ಓಣಿಯವರೆಲ್ಲ ಬಂದು ನೋಡಿ, ಹೆಡೆ ಬಾಲ ಕೂಡಿದರೆ ಕಥೆ ಮುಗಿಯಿತೆಂದು ಧೈರ್ಯ ಹೇಳಿ, ಚಹಾ ಕುಡಿದು ಹೋದರು. ಗುಳ್ಳೆಗಳು ಒಣಗಿದವು, ಉರಿ ಉಳಿಯಿತು. ಬಟ್ಟೆ ಸೋಕಿದರೆ ಸಾಕು, ಕೆಂಡ ಇಟ್ಟ ಹಾಗೆ. ಅಂಗಿ ಹಾಕಲಾಗದವನಿಗೆ ಹೊರಗಿನ ಕೆಲಸ ಹೇಳುವವರಾರು? ಸಂತೆ, ಹಿಟ್ಟಿನ ಗಿರಣಿ, ದ್ರಾಕ್ಷಿ ತೋಟಕ್ಕೆ ಬುತ್ತಿ ಒಯ್ಯುವುದು, ಎಲ್ಲ ನನ್ನ ಹೆಂಡತಿ ಶಾಂತವ್ವನ ಪಾಲಾಯಿತು. ನಾನು ಬರಿಮೈಯಲ್ಲಿ ಫ್ಯಾನಿನ ಕೆಳಗೆ ಕೂತು ನರಳುತ್ತಿದ್ದೆ. ಆ ನರಳಿಕೆ ನಿಜವಾದದ್ದೆಂದು ಓದುಗರಾದರೂ ನಂಬಬೇಕು.

ಚಿಕ್ಕೋಡಿಯ ಡಾಕ್ಟರರಂತೂ ನಂಬಿದರು. ಚರ್ಮ ಕೊಟ್ಟ ಸುದ್ದಿಯೆಲ್ಲ ಇದ್ದಂತೆಯೇ ಮೇಲಕ್ಕೆ ಹೋಗುವುದಿಲ್ಲವಂತೆ. ಮೆದುಳಿನ ಮೇಲ್ಪದರ ಬೆನ್ನುಹುರಿಗೆ ಹುಕುಂ ಕಳಿಸಿ, ಈ ಸುದ್ದಿಯನ್ನು ದೊಡ್ಡದು ಮಾಡು, ಆ ಸುದ್ದಿಯನ್ನು ಅಲ್ಲೇ ಅದುಮು ಎನ್ನುತ್ತದಂತೆ. ನನ್ನ ಮೆದುಳಿಗೆ ಅಂಗಿಯ ಸುದ್ದಿಯನ್ನು ದೊಡ್ಡದು ಮಾಡಿಸುವ ಚಟ ಹಿಡಿದಿತ್ತು. "ನೋವು ಖರೇನ ಐತ್ರಿ, ನಾಟಕ ಅಲ್ಲ," ಎಂಬ ಮಾತನ್ನು ಶಾಂತವ್ವನ ಎದುರಿಗೆ ಅವರಿಂದ ಇನ್ನೊಮ್ಮೆ ಹೇಳಿಸಿದೆ.

ಅಷ್ಟರಲ್ಲಿ, ನಾನು ಕನ್ನಡ ಕಲಿಸಿ ನಿವೃತ್ತನಾದ ಶಾಲೆಯವರು ನನಗೊಂದು ಸನ್ಮಾನ ಇಟ್ಟರು. ನಮ್ಮ ಸೀಮೆಯ ಶಾಲುಗಳ ಬಗ್ಗೆ ನನಗೆ ಮೊದಲಿನಿಂದಲೂ ತಿರಸ್ಕಾರ. ಶಾಲೆಗೆ ಫ್ಯಾನ್ ಕೊಟ್ಟವನಿಗೆ ಶಾಲು, ಆ ಫ್ಯಾನಿನ ಗುಂಡಿ ಒತ್ತಿದವನಿಗೂ ಶಾಲು. ಒಬ್ಬನಿಗೆ ಬಂದದ್ದು ಮಡಿಕೆ ಕೆಡುವ ಮೊದಲೇ ಪಕ್ಕದೂರಿನ ವೇದಿಕೆಯಲ್ಲಿ ಇನ್ನೊಬ್ಬನ ಹೆಗಲೇರುತ್ತದೆ. ಬೆನ್ನಿನ ಸ್ಥಿತಿ ವಿವರಿಸಿ, ಶಾಲು ಮಾತ್ರ ಬೇಡವೆಂದು ಹೇಳಿಕಳಿಸಿದೆ. ಸಡಿಲಾದ ಜುಬ್ಬಾ ತೊಟ್ಟು, ಹಲ್ಲು ಕಚ್ಚಿಕೊಂಡು, ಕುರ್ಚಿಗೆ ಒರಗದೆ ಕೂತೆ. ಸಭೆಯ ಅಧ್ಯಕ್ಷರಿಗೆ ಯಾರೂ ಇದನ್ನು ತಿಳಿಸಿರಲಿಲ್ಲ. ಅವರು ಜರಿಯಂಚಿನ ದಪ್ಪ ಶಾಲನ್ನು ನನ್ನ ಬೆನ್ನಿಗೆ ಬಿಗಿಯಾಗಿ ಸುತ್ತಿ, ಮೇಲೊಮ್ಮೆ ಜೋರಾಗಿ ತಟ್ಟಿ, "ಇಂಥಾ ಗುರುಗಳು ಮತ್ತ ಹುಟ್ಟಂಗಿಲ್ರಿ," ಎಂದರು. ಜನ ಚಪ್ಪಾಳೆ ತಟ್ಟಿದರು. ಉರಿ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಫೋಟೋ ಸರಿಯಾಗಿ ಬರಲಿಲ್ಲವೆಂದಾಗ ನಾನೇ ಮುಂದಾಗಿ ಇನ್ನೊಮ್ಮೆ ಹೊದಿಸಿಕೊಂಡೆ. ಮುಂದಿನ ಸಾಲಿನಲ್ಲಿದ್ದ ಶಾಂತವ್ವ ಮಾತ್ರ ಚಪ್ಪಾಳೆ ತಟ್ಟದೆ, ಕೈಕಟ್ಟಿ ನನ್ನನ್ನೇ ನೋಡುತ್ತಿದ್ದಳು.

ಮನೆಗೆ ಬಂದು ಸ್ನಾನ ಮಾಡಿ ಹೊರಬಂದಾಗ ಅವಳು ನನ್ನ ಬೆನ್ನ ಮೇಲೆ ತೆಳ್ಳಗಿನ ಟವೆಲು ಹಾಕಿದಳು. ನಾನು ಅಯ್ಯೋ ಎಂದು ಹಾರಿದೆ.

"ಅಧ್ಯಕ್ಷರು ಹೊಚ್ಚಿದ್ರ ತಂಪ, ನಾ ಹೊಚ್ಚಿದ್ರ ಉರಿ ಏನ್ರಿ?" ಎಂದಳು.

ಹೊಗಳಿಕೆ ಕೇಳಿ ಮೆದುಳೇ ಸುದ್ದಿಯನ್ನು ಅದುಮಿತು, ಇದರಲ್ಲಿ ನನ್ನ ತಪ್ಪೇನೂ ಇಲ್ಲ ಎಂದು ಡಾಕ್ಟರರ ಶಾಸ್ತ್ರವನ್ನೆಲ್ಲ ಬಿಡಿಸಿ ಹೇಳಿದೆ. ಎಂದೂ ಇಲ್ಲದ ಶ್ರದ್ಧೆಯಿಂದ ಕೇಳಿಸಿಕೊಂಡಳು. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಮರುದಿನ ಬೆಳಿಗ್ಗೆ ನನ್ನ ಅಂಗಿ ಹಿಡಿದು ಬಂದಳು. ಬೆನ್ನಿಗೆ ಹೊದಿಸಿ, ಚಪ್ಪಾಳೆ ತಟ್ಟಿ, "ಇಂಥಾ ಗಂಡ ಮತ್ತ ಹುಟ್ಟಂಗಿಲ್ರಿ," ಎಂದಳು. ಧ್ವನಿಯಲ್ಲಿ ಗೌರವದ ಲವಲೇಶವೂ ಇರಲಿಲ್ಲ. ನಾನು ಉರಿಗಾಗಿ ಕಾದೆ. ಬರಬೇಕಾದಷ್ಟು ಬರಲಿಲ್ಲ. ಇಷ್ಟು ಅಗ್ಗದ ಹೊಗಳಿಕೆಗೂ ಕರಗುವ ಮೆದುಳನ್ನು ತಲೆಯೊಳಗೂ ಜೋಳದ ಚೀಲವನ್ನು ಹೆಗಲ ಮೇಲೂ ಹೊತ್ತುಕೊಂಡು ಗಿರಣಿಯ ಕಡೆ ನಡೆದೆ.